ಮಗುವಿಗೆ ಬಂದದ್ದು ಯಾವ ಫಿಟ್ಸ್? ನಮ್ಮ ಗುಂಪಿನ ಈ ವಾರದ ಪ್ರಶ್ನೋತ್ತರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ತಂದೆ-ತಾಯಂದಿರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಇರುವ ಗುಂಪು ಇದು. ಈ ವಾರ ಉತ್ತರ ಕೊಟ್ಟವರು ಮೂವರು: ಮಕ್ಕಳ ನರರೋಗ ವೈದ್ಯೆ, ಮಕ್ಕಳ ತುರ್ತು ವಿಭಾಗದ ನರ್ಸಿಂಗ್ ಅಧಿಕಾರಿ, ಔಷಧ ತಜ್ಞ. ಕೇಳಿದವರ ಹೆಸರು ತೆಗೆದು ಊರು ಮಾತ್ರ ಉಳಿಸಿದ್ದೇವೆ. ಫಿಟ್ಸ್, ಝಟಕಾ, ಮೂರ್ಛೆ, ಮಿರ್ಗಿ, ಅಪಸ್ಮಾರ ಎಂದು ಯಾರು ಹೇಗೆ ಬರೆದರೋ ಹಾಗೇ ಇಟ್ಟಿದ್ದೇವೆ.

ಪ್ರಶ್ನೆ (ಜೇವರ್ಗಿ): ನಮ್ಮ ಕೂಸಿಗಿ 14 ತಿಂಗಳು. ಮೊನ್ನೆ ಮಧ್ಯಾಹ್ನ ಮೈ ಸುಡಲಾಕತ್ತಿತ್ತು. ಒಂದು ತಾಸಿನೊಳಗ ಕಣ್ಣು ಮ್ಯಾಲ ಮಾಡಿ, ಮೈಯೆಲ್ಲ ಸೆಟೆದು, ಎರಡೂ ಕೈಕಾಲು ಝಟಕಾ ಹೊಡದ್ವು. ಎರಡು ನಿಮಿಷಕ್ಕ ನಿಂತು ಮಲಗಿಬಿಡ್ತು. ದವಾಖಾನಿಗಿ ತೋರಿಸಿ ಬಂದೀವಿ, ಜ್ವರದ್ದು ಅಂದ್ರು. ಮನ್ಯಾಗ ಎಲ್ಲರೂ ‘ಮೂರ್ಛಿರೋಗ ಹತ್ಯಾದ’ ಅಂತಾರ. ಹೌದೇನ್ರಿ? ಜನ್ಮಪೂರ್ತಿ ಗುಳಿಗಿ ನುಂಗಬೇಕಾ?

ವೈದ್ಯೆ: ಮೂರ್ಛೆರೋಗ ಅಲ್ಲ. ನೀವು ಬರೆದ ಸಾಲುಗಳಲ್ಲೇ ಉತ್ತರ ಇದೆ: ವಯಸ್ಸು, ಜ್ವರ, ಮೈಯ ಎರಡೂ ಬದಿ, ಎರಡು ನಿಮಿಷ. 6 ತಿಂಗಳಿಂದ 5 ವರ್ಷದೊಳಗಿನ 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಜ್ವರದ ಫಿಟ್ಸ್ ಬರುತ್ತದೆ. ಬೆಳೆಯುತ್ತಿರುವ ಮಿದುಳು ಜ್ವರದ ಏರಿಕೆಗೆ ಕೊಡುವ ಪ್ರತಿಕ್ರಿಯೆ ಅದು. ಅಪ್ಪ, ಅಮ್ಮ ಅಥವಾ ಸೋದರಮಾವನಿಗೆ ಚಿಕ್ಕಂದಿನಲ್ಲಿ ಬಂದಿತ್ತೇ ಎಂದು ಅಜ್ಜಿಯನ್ನು ಕೇಳಿ ನೋಡಿ. ಎಷ್ಟೋ ಮನೆಗಳಲ್ಲಿ ಹೌದು ಎನ್ನುವ ಉತ್ತರ ಬರುತ್ತದೆ.

ಸರಳ ಜ್ವರದ ಫಿಟ್ಸ್ ಎನ್ನಬೇಕಾದರೆ ಮೂರೂ ಮಾತು ಹೊಂದಬೇಕು. ಇಡೀ ಮೈಗೆ ಬಂದಿರಬೇಕು, 15 ನಿಮಿಷದೊಳಗೆ ನಿಂತಿರಬೇಕು, 24 ತಾಸಿನಲ್ಲಿ ಒಂದೇ ಸಲ ಆಗಿರಬೇಕು. ಒಂದು ಕೈ ಅಥವಾ ಒಂದು ಬದಿ ಮಾತ್ರ ಎಳೆದಿದ್ದರೆ, ಉದ್ದಕ್ಕೆ ಎಳೆದಿದ್ದರೆ, ಅದೇ ದಿನ ಮತ್ತೆ ಬಂದಿದ್ದರೆ ಅದು ಜಟಿಲ ಬಗೆ. ಆ ಮಕ್ಕಳನ್ನು ಇನ್ನಷ್ಟು ಹುಡುಕಿ ನೋಡಬೇಕಾಗುತ್ತದೆ. ಸರಳ ಬಗೆಗೆ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಬೇಡ, ತಲೆಯ ಸ್ಕ್ಯಾನ್ ಬೇಡ, ದಿನನಿತ್ಯದ ಔಷಧವೂ ಬೇಡ. ಆದರೆ ಜ್ವರ ಎಲ್ಲಿಂದ ಬಂತು ಎನ್ನುವುದನ್ನು ಬಿಡಬಾರದು: ಕಿವಿ, ಗಂಟಲು, ಮೂತ್ರ ನೋಡಲೇಬೇಕು.

ಮತ್ತೆ ಬರಬಹುದೇ? ಬರಬಹುದು. ಮೂರು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಇನ್ನೊಂದು ಜ್ವರದಲ್ಲಿ ಮರುಕಳಿಸುತ್ತದೆ. ಮೊದಲ ಸಲ ಒಂದೂವರೆ ವರ್ಷದೊಳಗೇ ಬಂದವರಿಗೆ, ಜ್ವರ ಹತ್ತಿದ ತುಸು ಹೊತ್ತಿನಲ್ಲೇ ಬಂದವರಿಗೆ, ಮನೆತನದಲ್ಲಿ ಇದ್ದವರಿಗೆ ಸಂಭವ ಹೆಚ್ಚು. ನಿಮ್ಮ ಕೂಸು ಈ ಗುಂಪಿನದು, ಆದ್ದರಿಂದ ತಯಾರಿ ಇರಲಿ. ಮುಂದೆ ಅಪಸ್ಮಾರವಾಗಿ ನಿಲ್ಲುವುದು ಸರಳ ಬಗೆಯ 100 ಮಕ್ಕಳಲ್ಲಿ ಒಬ್ಬಿಬ್ಬರಿಗೆ. ಅಪಸ್ಮಾರ ಎಂಬ ಹೆಸರು ಇಡಬೇಕಾದರೆ ಸಾಮಾನ್ಯವಾಗಿ ಜ್ವರ, ಸಕ್ಕರೆ ಇಳಿಕೆ, ತಲೆಗೆ ಪೆಟ್ಟು ಇಂಥ ತಕ್ಷಣದ ಕಾರಣ ಇಲ್ಲದೆ, 24 ತಾಸಿಗಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಬಂದಿರಬೇಕು.

ಅದೇ ಜೇವರ್ಗಿಯವರು: ಜ್ವರ ಬರೋದು ಗೊತ್ತಾದ ಕೂಡ್ಲೇ ಪ್ಯಾರಾಸಿಟಮಾಲ್ ಹಾಕಿದ್ರ ತಪ್ಪಸಬಹುದಲ್ರಿ? ತಣ್ಣೀರು ಪಟ್ಟಿ?

ಔಷಧ ತಜ್ಞ: ಎಲ್ಲರೂ ನಂಬಿರುವುದು ಹಾಗೇ. ಆದರೆ ಜ್ವರದ ಔಷಧ ಫಿಟ್ಸ್ ತಪ್ಪಿಸುವುದಿಲ್ಲ ಎಂದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕೊಡುವುದು ಮಗುವಿನ ಹಿತಕ್ಕಾಗಿ. ‘ತಡಮಾಡಿ ಕೊಟ್ಟೆ, ಅದಕ್ಕೇ ಬಂತು’ ಎಂದು ತಾಯಿಯನ್ನು ಬೈಯುವುದನ್ನಾದರೂ ಮನೆಯವರು ನಿಲ್ಲಿಸಲಿ.

ಅಳತೆ ಕೆಜಿಗೆ 15 ಮಿ.ಗ್ರಾಂ., ಎರಡು ಡೋಸಿನ ನಡುವೆ ಕನಿಷ್ಠ 4ರಿಂದ 6 ತಾಸು. ಎಡವಟ್ಟು ಆಗುವುದು ಬಾಟಲಿಯಲ್ಲಿ. 10 ಕೆಜಿ ಮಗುವಿಗೆ 150 ಮಿ.ಗ್ರಾಂ. ಬೇಕು ಎನ್ನಿ. 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ಪಾದರೆ ಸುಮಾರು 6 ಮಿ.ಲೀ., 250 ಮಿ.ಗ್ರಾಂ. ಇರುವುದಾದರೆ 3 ಮಿ.ಲೀ., 1 ಮಿ.ಲೀ.ಗೆ 100 ಮಿ.ಗ್ರಾಂ. ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ. ಮಾತ್ರ. ‘ಹೋದ ಸಲ 6 ಮಿ.ಲೀ. ಹಾಕಿದ್ದೆ’ ಅಂತ ಡ್ರಾಪ್ಸನ್ನೂ 6 ಮಿ.ಲೀ. ಹಾಕಿದರೆ ನಾಲ್ಕು ಪಟ್ಟು ಆಯಿತು, ಲಿವರಿಗೆ ಹೊಡೆತ. ಬಾಟಲಿ ಬದಲಾದಾಗಲೆಲ್ಲ ಲೇಬಲ್ ಓದಿ. ಐಸ್ ನೀರಿನ ಪಟ್ಟಿ ಬೇಡ. ಮೈ ನಡುಗಿಸಿ ಒಳಗಿನ ಕಾವು ಇನ್ನೂ ಏರಿಸುತ್ತದೆ.

ಇನ್ನೊಂದು ಮಾತು. ನೆಗಡಿ-ಜ್ವರ ಬಂತೆಂದು ಕೂಸಿನ ಎದೆ, ಮೂಗಿಗೆ ಕರ್ಪೂರದ ಬಾಮು, ನೀಲಗಿರಿ ಎಣ್ಣೆ ತಿಕ್ಕುವ ರೂಢಿ ಇದೆಯಲ್ಲ, ಕರ್ಪೂರ ಮತ್ತು ನೀಲಗಿರಿ ಎರಡೂ ತಾವೇ ಫಿಟ್ಸ್ ತರಿಸಬಲ್ಲವು. ಕರ್ಪೂರದ ಬಿಲ್ಲೆಯನ್ನು ಪುಟ್ಟ ಮಗು ಕಲ್ಲುಸಕ್ಕರೆ ಎಂದು ಬಾಯಿಗೆ ಹಾಕಿಕೊಂಡರೆ ತುರ್ತು ಸ್ಥಿತಿ, ವಾಂತಿ ಮಾಡಿಸುತ್ತ ಕೂಡಬೇಡಿ, ಹೊರಡಿ. ಪೂಜೆ ಜಗುಲಿ ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ಇರುವ ಮನೆಗಳು ಇದನ್ನು ಓದಲಿ.

ಪ್ರಶ್ನೆ (ಚಿತ್ತಾಪುರ): ಜ್ವರದ ಫಿಟ್ಸ್ ಅಂದ್ಮ್ಯಾಲೂ ದವಾಖಾನ್ಯಾಗ ಬೆನ್ನಾಗಿನ ನೀರು ತೆಗೀಬೇಕು ಅಂದ್ರು. ಕಾಲು ಹೋಗ್ತಾವ ಅಂತಾರ. ಅಂಜಿ ಸಹಿ ಹಾಕಿಲ್ಲ.

ವೈದ್ಯೆ: ಸಹಿ ಹಾಕಿ. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಸೊಂಟದ ಹತ್ತಿರ ಸೂಜಿ ಹಾಕುತ್ತಾರೆ. ಆ ಮಟ್ಟದಲ್ಲಿ ಹುರಿಯೇ ಇಲ್ಲ, ಸಡಿಲ ನರದೆಳೆಗಳು ಮಾತ್ರ. ಮಿದುಳಿನ ಪೊರೆಯ ಸೋಂಕು (ಮೆನಿಂಜೈಟಿಸ್) ಇದೆಯೇ ಎಂದು ತಿಳಿಯಲು ಬೇರೆ ದಾರಿ ಇಲ್ಲ. ಕುತ್ತಿಗೆ ಬಿಗಿದಿದ್ದರೆ, ನೆತ್ತಿಯ ಮೆತ್ತನೆ ಭಾಗ ಉಬ್ಬಿದ್ದರೆ, ಒಂದು ತಾಸಾದರೂ ಮಗು ಸರಿಯಾಗಿ ಎಚ್ಚರಾಗದಿದ್ದರೆ, ವರ್ಷದೊಳಗಿನ ಮಗುವಿಗೆ ಲಸಿಕೆ ಬಾಕಿ ಇದ್ದರೆ ವೈದ್ಯರು ಕೇಳಿಯೇ ಕೇಳುತ್ತಾರೆ. ಊರಿನಲ್ಲೇ ಎರಡು ದಿನ ಆಂಟಿಬಯೋಟಿಕ್ ಇಂಜೆಕ್ಷನ್ ಮಾಡಿಸಿದ್ದರೆ ಅದನ್ನು ಮುಚ್ಚಿಡಬೇಡಿ. ಅರ್ಧ ಔಷಧ ಬಿದ್ದಾಗ ಮೆನಿಂಜೈಟಿಸ್ ಲಕ್ಷಣಗಳು ಮರೆಯಾಗುತ್ತವೆ, ರೋಗ ಒಳಗೇ ಇರುತ್ತದೆ.

ಪ್ರಶ್ನೆ (ಭಾಲ್ಕಿ): ಫಿಟ್ಸ್ ಬಂದಾಗ ನಮ್ಮ ಕಡೆ ಕೈಯಾಗ ಕಬ್ಬಿಣದ ಕೀಲಿ ಕೊಡ್ತಾರ, ಉಳ್ಳಾಗಡ್ಡಿ ಮೂಸಸ್ತಾರ, ಚಪ್ಪಲಿ ಮೂಸಸ್ತಾರ, ಹಲ್ಲಿನ ನಡುವ ಚಮಚಾ ಇಡ್ತಾರ. ಖರೇ ಏನ್ ಮಾಡ್ಬೇಕು?

ನರ್ಸಿಂಗ್ ಅಧಿಕಾರಿ: ಮೊದಲು ಗಡಿಯಾರ ನೋಡಿ. ಉಳಿದದ್ದು ಆಮೇಲೆ. ಹೆದರಿದ ಕಣ್ಣಿಗೆ ಒಂದು ನಿಮಿಷ ಹತ್ತು ನಿಮಿಷದಂತೆ ಕಾಣುತ್ತದೆ, ಮುಂದಿನ ಎಲ್ಲ ನಿರ್ಧಾರವೂ ಆ ನಿಮಿಷಗಳ ಮೇಲೇ ನಿಂತಿದೆ.

ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿ ಸ್ವಲ್ಪ ನೆಲದ ಕಡೆಗಿರಲಿ. ಜೊಲ್ಲು, ವಾಂತಿ ಹೊರಗೆ ಹರಿಯುತ್ತದೆ, ಉಸಿರಿನ ಕೊಳವೆಗೆ ಇಳಿಯುವುದಿಲ್ಲ. ತಲೆಯ ಕೆಳಗೆ ಮಡಚಿದ ಟವೆಲ್, ಕುತ್ತಿಗೆಯ ಗುಂಡಿ, ತಾಯತದ ದಾರ ಸಡಿಲ ಮಾಡಿ. ಒಲೆ, ಮೆಟ್ಟಿಲು, ನೀರಿನ ಹೌದಿನಿಂದ ದೂರ. ಕೈಕಾಲು ಅದುಮಿ ಹಿಡಿದರೆ ಎಳೆತ ನಿಲ್ಲುವುದಿಲ್ಲ, ಭುಜ ತಪ್ಪಬಹುದು. ಬಾಯಿಗೆ ಏನೂ ಬೇಡ. ನಾಲಿಗೆ ನುಂಗಿಕೊಳ್ಳುವುದು ಎಂಬುದು ಸಾಧ್ಯವೇ ಇಲ್ಲದ ಮಾತು. ನಾಲಿಗೆಯ ಅಂಚು ಕಚ್ಚಿದರೆ ನಾಲ್ಕು ದಿನಕ್ಕೆ ಮಾಯುತ್ತದೆ, ಚಮಚದಿಂದ ಮುರಿದ ಹಲ್ಲು ಶ್ವಾಸಕೋಶಕ್ಕೆ ಇಳಿದರೆ ಆಪರೇಷನ್ನೇ. ಪೂರ್ತಿ ಎಚ್ಚರಾಗುವವರೆಗೆ ನೀರೂ ಬೇಡ.

ಕೀಲಿ, ಉಳ್ಳಾಗಡ್ಡಿ ‘ಕೆಲಸ ಮಾಡುವುದು’ ಯಾಕೆಂದರೆ ಬಹುತೇಕ ಫಿಟ್ಸ್ ಒಂದೆರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಕೀಲಿ ಹುಡುಕಿ ತರುವಷ್ಟರಲ್ಲಿ ಆ ಹೊತ್ತು ಆಗಿರುತ್ತದೆ. ಕೀಲಿಯಿಂದ ಕೇಡಿಲ್ಲ, ಅದನ್ನು ಹುಡುಕುತ್ತ ಮಗುವನ್ನು ಅಂಗಾತ ಬಿಟ್ಟಿರಲ್ಲ, ಅದರಿಂದ ಕೇಡು. ಹಣೆಗೆ, ಹೊಟ್ಟೆಗೆ ಚುಟಿಗೆ ಹಾಕಿಸುವುದು ಮಾತ್ರ ಶುದ್ಧ ಹಿಂಸೆ. ಸುಟ್ಟ ಗಾಯ ಕೀತು ಮತ್ತೆ ಜ್ವರ, ಜ್ವರಕ್ಕೆ ಮತ್ತೆ ಫಿಟ್ಸ್.

5 ನಿಮಿಷ ದಾಟಿದರೆ ತಾನೇ ನಿಲ್ಲುವ ಸಂಭವ ಕಡಿಮೆಯಾಗುತ್ತ ಹೋಗುತ್ತದೆ. ಆಗ 108ಕ್ಕೆ ಫೋನು, ಜತೆಗೆ ಮನೆಯಲ್ಲಿದ್ದರೆ ಫಿಟ್ಸ್ ನಿಲ್ಲಿಸುವ ಔಷಧವಾದ ಮಿಡಜೋಲಾಮಿನ ಮೂಗಿನ ಸ್ಪ್ರೇ. ಮೊದಲ ಸಲದ ಫಿಟ್ಸ್, ನಡುವೆ ಎಚ್ಚರ ಬಾರದೆ ಎರಡು ಸಲ ಬಂದದ್ದು, 6 ತಿಂಗಳೊಳಗಿನ ಕೂಸು, ನಿಂತ ಮೇಲೂ ತುಟಿ ನೀಲಿ ಇರುವುದು, ನೀರಿನಲ್ಲಿ ಆದದ್ದು, ತಲೆಗೆ ಪೆಟ್ಟು ಬಿದ್ದದ್ದು, ಇವಕ್ಕೆ 5 ನಿಮಿಷವನ್ನೂ ಕಾಯಬೇಡಿ.

ಪ್ರಶ್ನೆ (ಚಿಂಚೋಳಿ ಹತ್ತಿರದ ತಾಂಡಾ): ಆ ಸ್ಪ್ರೇ ಎಷ್ಟು ಹೊಡೀಬೇಕು? ನಮಗ ಕಲಬುರಗಿ ಮುಟ್ಟಲಿಕ್ಕೇ ಹೊತ್ತು ಹಿಡಿತದ.

ಔಷಧ ತಜ್ಞ: ದೂರದಲ್ಲಿ ಇರುವವರೇ ಕೇಳಿ ಬರೆಸಿಕೊಳ್ಳಬೇಕಾದ ಔಷಧ ಇದು, ಚೀಟಿ ಇಲ್ಲದೆ ಸಿಗುವುದಿಲ್ಲ. ಮೂಗಿಗೆ ಸಾಮಾನ್ಯ ಅಳತೆ ಕೆಜಿಗೆ 0.2 ಮಿ.ಗ್ರಾಂ. 10 ಕೆಜಿ ಮಗುವಿಗೆ 2 ಮಿ.ಗ್ರಾಂ. ಒಂದು ಒತ್ತಿಗೆ 0.5 ಮಿ.ಗ್ರಾಂ. ಬರುವ ಬಾಟಲಿಯಾದರೆ 4 ಒತ್ತು, ಹೊಳ್ಳೆಗೆ ಎರಡೆರಡು. ಆದರೆ ಎಲ್ಲ ಬಾಟಲಿಯ ಒತ್ತೂ ಒಂದೇ ಅಲ್ಲ. ಆದ್ದರಿಂದ ‘ಇಷ್ಟು ಒತ್ತು’ ಎಂದು ವೈದ್ಯರ ಕೈಯಲ್ಲೇ ಬಾಟಲಿಯ ಮೇಲೆ ಬರೆಸಿ, ಮಗುವಿನ ತೂಕ ಏರಿದ ಹಾಗೆ ತಿದ್ದಿಸಿ. ಹೊಸ ಬಾಟಲಿಯನ್ನು ಮಂಜಿನ ಹಾಗೆ ಸಿಡಿಯುವವರೆಗೆ ಗಾಳಿಗೆ ಒತ್ತಿ ಇಡಬೇಕು, ಇಲ್ಲದಿದ್ದರೆ ಮೊದಲ ಒತ್ತಿನಲ್ಲಿ ಬರೀ ಗಾಳಿ. ಮೂಗಿನ ಸಿಂಬಳ ಒರೆಸಿ ಹೊಡೆಯಿರಿ. ಕೊಟ್ಟ ಮೇಲೆ ಎದೆಯ ಏರಿಳಿತದ ಮೇಲೆ ಕಣ್ಣಿಡಿ. ವೈದ್ಯರು ಹೇಳಿರದಿದ್ದರೆ ಎರಡನೇ ಡೋಸ್ ನೀವಾಗಿ ಹಾಕಬೇಡಿ.

ನರ್ಸಿಂಗ್ ಅಧಿಕಾರಿ: ದಾರಿಯಲ್ಲಿ ಸಿಗುವ ದವಾಖಾನೆಗಳಿಗೂ ಒಂದು ಮಾತು. ಫಿಟ್ಸ್ ನಿಲ್ಲಿಸಲು ಡಯಾಜೆಪಾಮನ್ನು ಸ್ನಾಯುವಿಗೆ ಚುಚ್ಚಿದರೆ ನಿಧಾನವಾಗಿ, ಏರುಪೇರಾಗಿ ರಕ್ತಕ್ಕೆ ಸೇರುತ್ತದೆ. ಎಳೆತ ನಿಲ್ಲಲಿಲ್ಲ ಎಂದು ಇನ್ನೊಂದು ಚುಚ್ಚುತ್ತಾರೆ, ಕೊನೆಗೆ ಎರಡೂ ಒಟ್ಟಿಗೆ ಏರಿ ಉಸಿರು ಕುಗ್ಗುತ್ತದೆ. ರಕ್ತನಾಳ ಸಿಗದಿದ್ದರೆ ಸ್ನಾಯುವಿಗೆ ಮಿಡಜೋಲಾಮ್, ಅಥವಾ ಗುದದ್ವಾರದಿಂದ ಡಯಾಜೆಪಾಮ್. ಸಕ್ಕರೆ ಪರೀಕ್ಷೆಯ ಒಂದು ಹನಿ ರಕ್ತ ಮರೆಯಬಾರದು.

ಪ್ರಶ್ನೆ (ಶಹಾಪುರ): 5 ತಿಂಗಳ ಕೂಸು. ಮಲಗೆದ್ದ ಕೂಡ್ಲೇ ತಲಿ ಬಗ್ಗಿಸಿ ಎರಡೂ ಕೈ ಮುಂದ ಚಾಚ್ತದ, ನಮಸ್ಕಾರ ಮಾಡಿದಂಗ. ಒಂದಾದ ಮ್ಯಾಲೊಂದು ಇಪ್ಪತ್ತು ಸಲ. ಹೊಟ್ಟಿ ನುಲಿ ಅಂತ ಗ್ರೈಪ್ ವಾಟರ್ ಹಾಕೀವಿ. ಈಗೀಗ ನಗೋದೂ ಬಿಟ್ಟದ.

ವೈದ್ಯೆ: ಈ ಪುಟದಲ್ಲಿರುವ ಎಲ್ಲ ಪ್ರಶ್ನೆಗಳಲ್ಲಿ ತಡ ಮಾಡಬಾರದ್ದು ಇದೊಂದು. ಇಂದೋ ನಾಳೆಯೋ ಹೊರಡಿ. ಕೈಕಾಲು ಬಡಿಯುವುದಿಲ್ಲ, ನೊರೆ ಇಲ್ಲ, ಒಂದೊಂದು ಒಂದೆರಡು ಸೆಕೆಂಡು ಮಾತ್ರ. ಅದಕ್ಕೇ ಮನೆಯವರಿಗೂ, ಕೆಲವೊಮ್ಮೆ ದವಾಖಾನೆಯವರಿಗೂ ಇದು ಫಿಟ್ಸ್ ಅನಿಸುವುದಿಲ್ಲ. ಇದಕ್ಕೆ ಶಿಶುಗಳ ಸ್ಪಾಸಂ ಎನ್ನುತ್ತಾರೆ, ವೆಸ್ಟ್ ಸಿಂಡ್ರೋಮ್ ಎಂದೂ ಹೆಸರಿದೆ. ವಿಲಿಯಂ ಜೇಮ್ಸ್ ವೆಸ್ಟ್ ಎಂಬ ಇಂಗ್ಲಿಷ್ ವೈದ್ಯ 1841ರಲ್ಲಿ ತನ್ನ ಮಗನಲ್ಲೇ ಇದನ್ನು ಕಂಡು ಲ್ಯಾನ್ಸೆಟ್ ಪತ್ರಿಕೆಗೆ ಪತ್ರ ಬರೆದ. ಅಲ್ಲೂ ಇದು ಸಲಾಂ ಮಾಡಿದ ಹಾಗೆ ಎಂಬ ಹೋಲಿಕೆಯೇ ಇದೆ, ನೀವು ನಮಸ್ಕಾರ ಎಂದಿರಿ.

ಹೊಟ್ಟೆನುಲಿಗೆ ಲಯ ಇರುವುದಿಲ್ಲ. ಮಗು ಒಂದೇ ಸಮನೆ ಅಳುತ್ತದೆ, ಕಾಲು ಮಡಚುತ್ತದೆ, ಗಾಳಿ ಹೋದರೆ ಸಮಾಧಾನ. ಸ್ಪಾಸಂ ಸಾಲಾಗಿ ಬರುತ್ತದೆ: ಒಂದು ಬಾಗು, ಕೆಲವು ಸೆಕೆಂಡು ಬಿಡುವು, ಮತ್ತೊಂದು. ನಿದ್ದೆಯಿಂದ ಎದ್ದಾಗ ಹೆಚ್ಚು. ಬೆಚ್ಚಿಬೀಳುವುದಕ್ಕೆ ಸದ್ದೋ ಅಲುಗಾಟವೋ ಬೇಕು, ಅದು ಒಂದೇ ಸಲ ಆಗಿ ಮುಗಿಯುತ್ತದೆ, 4ರಿಂದ 6 ತಿಂಗಳಿಗೆ ಆ ಅಭ್ಯಾಸವೂ ಹೋಗುತ್ತದೆ. ನಗು ನಿಂತದ್ದು, ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು, ಕತ್ತು ಮತ್ತೆ ಸಡಿಲಾದದ್ದು ಎಂದರೆ ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತಿದೆ ಎಂದೇ ಅರ್ಥ. ಔಷಧ ಎಷ್ಟು ಬೇಗ ಶುರುವಾಗುತ್ತದೋ ಬೆಳವಣಿಗೆ ಅಷ್ಟು ಉಳಿಯುತ್ತದೆ, ಇಲ್ಲಿ ವಾರಗಳಿಗೆ ಬೆಲೆ ಇದೆ.

ನಿದ್ದೆ ಸೇರಿದ ಇಇಜಿ ಬೇಕು, ಬಹಳ ಮಕ್ಕಳಲ್ಲಿ ಹಿಪ್ಸಾರಿದ್ಮಿಯಾ ಎಂಬ ಅಸ್ತವ್ಯಸ್ತ ಚಿತ್ರ ಕಾಣುತ್ತದೆ. ಚಿಕಿತ್ಸೆ ಎಸಿಟಿಎಚ್ ಎಂಬ ಹಾರ್ಮೋನಿನ ಇಂಜೆಕ್ಷನ್, ಹೆಚ್ಚಿನ ಅಳತೆಯ ಪ್ರೆಡ್ನಿಸೊಲೋನ್, ಅಥವಾ ವಿಗಾಬಾಟ್ರಿನ್. ಮೊದಲೆರಡು ಸ್ಟಿರಾಯ್ಡ್ ದಾರಿ, ಆದ್ದರಿಂದ ಬಿ.ಪಿ., ಸಕ್ಕರೆ, ಸೋಂಕಿನ ನಿಗಾ ಬೇಕು, ಜೀವಂತ ಲಸಿಕೆಗಳನ್ನು ಮುಂದೂಡಬೇಕು, ಔಷಧವನ್ನು ತಟ್ಟನೆ ನಿಲ್ಲಿಸಬಾರದು. ಸಾಮಾನ್ಯ ಫಿಟ್ಸ್ ಸಿರಪ್ ಬರೆದು ‘ತಿಂಗಳು ಬಿಟ್ಟು ಬನ್ನಿ’ ಎಂದರೆ ಒಪ್ಪಬೇಡಿ, ಮಕ್ಕಳ ನರರೋಗ ತಜ್ಞರಿಗೆ ಕಳಿಸಿ ಎಂದು ಕೇಳಿ. ಜಿಮ್ಸ್, ಬ್ರಿಮ್ಸ್, ಯಿಮ್ಸ್ ಇಂಥ ಜಿಲ್ಲೆಯ ಬೋಧಕ ಆಸ್ಪತ್ರೆಯ ಮಕ್ಕಳ ವಿಭಾಗದಿಂದ ಆ ಚೀಟಿ ಪಡೆಯಬಹುದು.

ಆಶಾ ಕಾರ್ಯಕರ್ತೆಯರಿಗೆ: ನಮ್ಮ ದೇಶದಲ್ಲಿ ಇದರ ದೊಡ್ಡ ಕಾರಣಗಳು ಹೆರಿಗೆ ಹೊತ್ತಿನ ಉಸಿರುಕಟ್ಟು ಮತ್ತು ಹುಟ್ಟಿದ ಮೊದಲ ದಿನಗಳ ಸಕ್ಕರೆ ಇಳಿಕೆ. ‘ಹಾಲು ಬಂದಿಲ್ಲ’ ಎಂದು ಮೂರು ದಿನ ಜೇನು, ಬೆಲ್ಲದ ನೀರು ನೆಕ್ಕಿಸಿದ ಕೂಸುಗಳಲ್ಲಿ ಸಕ್ಕರೆ ಕುಸಿಯುತ್ತದೆ. ಹುಟ್ಟಿದ ಒಂದು ತಾಸಿನೊಳಗೆ ಎದೆಗೆ ಹಚ್ಚಿಸುವುದು ಮಿದುಳಿನ ಕೆಲಸವೂ ಹೌದು.

ಪ್ರಶ್ನೆ (ಹುಮನಾಬಾದ್, ಶಿಕ್ಷಕಿ): ಎರಡನೇ ತರಗತಿಯ ಹುಡುಗಿ ಬರೆಯುತ್ತ ಬರೆಯುತ್ತ ನಿಂತುಬಿಡುತ್ತಾಳೆ. ಹತ್ತು ಸೆಕೆಂಡು ಗೋಡೆ ನೋಡಿ, ಮತ್ತೆ ಅದೇ ಅಕ್ಷರದಿಂದ ಮುಂದುವರಿಯುತ್ತಾಳೆ. ದಿನಕ್ಕೆ ಎಷ್ಟೋ ಸಲ. ಲಕ್ಷ್ಯವಿಲ್ಲ ಎಂದು ಎಲ್ಲರೂ ಬೈಯುತ್ತಾರೆ.

ವೈದ್ಯೆ: ಬೈಯುವುದು ನಿಲ್ಲಿಸಿ ಎಣಿಸಲು ಶುರು ಮಾಡಿ. ಆಬ್ಸೆನ್ಸ್ ಫಿಟ್ಸ್ ಹೀಗೇ ಇರುತ್ತದೆ: 4ರಿಂದ 10 ವರ್ಷದ ಮಗು, ಸುಮಾರು ಹತ್ತು ಸೆಕೆಂಡಿನ ಶೂನ್ಯ, ರೆಪ್ಪೆ ಪಟಪಟ, ಬೀಳುವುದಿಲ್ಲ, ಮುಗಿದ ಕೂಡಲೇ ತಿಳಿವು ಸ್ವಚ್ಛ. ಕನಸು ಕಾಣುತ್ತ ಕುಳಿತ ಮಗುವಿನ ಭುಜ ತಟ್ಟಿದರೆ ಎಚ್ಚರಾಗುತ್ತದೆ, ಬೇಸರದ ಪಾಠದಲ್ಲೇ ಹೆಚ್ಚು. ಆಬ್ಸೆನ್ಸ್ ಆಟದ ನಡುವೆ, ಮಾತಿನ ನಡುವೆ, ತುತ್ತಿನ ನಡುವೆಯೂ ಬರುತ್ತದೆ, ತಟ್ಟಿದರೆ ತಿಳಿಯುವುದಿಲ್ಲ. ‘ನವಿಲು’ ಎಂದು ಹೇಳಿ, ಮುಗಿದ ಮೇಲೆ ಏನು ಹೇಳಿದೆ ಎಂದು ಕೇಳಿ.

ದವಾಖಾನೆಯಲ್ಲಿ ಮೂಗಿನ ಮುಂದೆ ಕಾಗದದ ಗಿರಗಟ್ಟೆ ಹಿಡಿದು ಎರಡು-ಮೂರು ನಿಮಿಷ ಜೋರಾಗಿ ಊದಿಸುತ್ತೇವೆ. ಚಿಕಿತ್ಸೆ ಶುರುವಾಗದ ಬಹುತೇಕ ಮಕ್ಕಳಲ್ಲಿ ಊದುತ್ತ ಊದುತ್ತಲೇ ಬಂದುಬಿಡುತ್ತದೆ. ಇದನ್ನು ಶಾಲೆಯಲ್ಲಿ ಮಾಡಬೇಡಿ. ಇಇಜಿಯಲ್ಲಿ ಸೆಕೆಂಡಿಗೆ 3ರಂತೆ ಏರಿಳಿಯುವ ಅಲೆ ಕಾಣುತ್ತದೆ.

ಆದರೆ ಶೂನ್ಯ ನೋಟ ಒಂದು ನಿಮಿಷಕ್ಕೂ ಮೀರಿ ಇದ್ದು, ತುಟಿ ಚಪ್ಪರಿಸುವುದು, ಲಂಗದ ಅಂಚು ತಿರುಚುವುದು ಇದ್ದು, ಆಮೇಲೆ ತಲೆನೋವು, ಮಂಪರು ಇದ್ದರೆ ಅದು ಬೇರೆ: ಮಿದುಳಿನ ಒಂದು ಭಾಗದಿಂದ ಹುಟ್ಟಿ ತಿಳಿವು ಮಸುಕು ಮಾಡುವ ಫೋಕಲ್ ಫಿಟ್ಸ್. ಈ ವ್ಯತ್ಯಾಸ ಬರೀ ಹೆಸರಿನದಲ್ಲ. ಫೋಕಲ್ ಬಗೆಗೆ ಒಗ್ಗುವ ಕಾರ್ಬಮಜೆಪಿನ್ ಆಬ್ಸೆನ್ಸ್ ಮಗುವಿಗೆ ಕೊಟ್ಟರೆ ಫಿಟ್ಸ್ ಇನ್ನೂ ಹೆಚ್ಚುತ್ತದೆ. ಆಬ್ಸೆನ್ಸಿಗೆ ಎಥೋಸಕ್ಸಿಮೈಡ್ ಅಥವಾ ವಾಲ್ಪ್ರೋಯೇಟ್. ‘ಔಷಧ ಶುರುವಾದ ಮೇಲೆ ಜಾಸ್ತಿ ಆಯಿತು’ ಎಂದು ತಾಯಿ ಹೇಳಿದರೆ ಅದನ್ನು ತಳ್ಳಿಹಾಕಬಾರದು.

ಪ್ರಶ್ನೆ (ಸೇಡಂ): 9 ವರ್ಷದ ಮಗ. ಬಲಗೈ ಬೆರಳು ಹಾರಲಿಕ್ಕ ಶುರುವಾಗಿ, ಮೊಣಕೈ, ಆಮ್ಯಾಲ ಬಾಯಿ ಸೊಟ್ಟ ಆಯ್ತು. ಹುಡುಗಗ ಎಚ್ಚರ ಇತ್ತು. ಮುಂದ ಅರ್ಧ ದಿನ ಆ ಕೈ ಎತ್ತಲಿಕ್ಕೇ ಬರಲಿಲ್ಲ. ಸ್ಕ್ಯಾನಿನ್ಯಾಗ ಹುಳದ ಗಂಟು ಅಂದಾರ. ನಾವು ಮಾಂಸ ಮುಟ್ಟದವರು, ಹುಳ ಹೆಂಗ ಬಂತು?

ವೈದ್ಯೆ: ಬೆರಳಿನಿಂದ ಮೊಣಕೈಗೆ, ಅಲ್ಲಿಂದ ಮುಖಕ್ಕೆ ನಡೆದ ಆ ಮೆರವಣಿಗೆಯೇ ಎಡ ಮಿದುಳಿನ ಜಾಗವನ್ನು ತೋರಿಸಿಕೊಟ್ಟಿದೆ. ಕೈ ಸೋತದ್ದು ಪಾರ್ಶ್ವವಾಯು ಅಲ್ಲ, ದಣಿದ ಮಿದುಳಿನ ತಾತ್ಕಾಲಿಕ ಸೋಲು. ಸಾಮಾನ್ಯವಾಗಿ 24 ತಾಸಿನೊಳಗೆ ಮರಳುತ್ತದೆ. ಆದರೂ ಮೊದಲ ಸಲ ಆದಾಗ ಸ್ಕ್ಯಾನ್ ಮಾಡಿಸಿದ್ದು ಸರಿ.

ಹಂದಿ ಮಾಂಸ ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಲಾಡಿಹುಳ ಬೆಳೆಯುತ್ತದೆ. ಅದರ ಮೊಟ್ಟೆ ಅವರ ಮಲದಲ್ಲಿ ಹೊರಬಿದ್ದು, ಬಯಲಿನಿಂದ ನೀರಿಗೆ, ಕೊತ್ತಂಬರಿ-ಮೂಲಂಗಿಗೆ, ತೊಳೆಯದ ಕೈಗೆ ಬರುತ್ತದೆ. ಆ ಮೊಟ್ಟೆ ಯಾರ ಹೊಟ್ಟೆಗೆ ಹೋದರೂ ಮರಿ ರಕ್ತದಲ್ಲಿ ಹರಿದು ಮಿದುಳಿನಲ್ಲಿ ಗಂಟಾಗಿ ಕೂಡಬಹುದು. ಮಿದುಳಿನ ಗಂಟಿಗೆ ಮೊಟ್ಟೆ ಸಾಕು, ಮಾಂಸ ಬೇಡ. ಹಸಿ ಸೊಪ್ಪು, ಗಜ್ಜರಿ, ಸವತಿಕಾಯಿ ಹರಿಯುವ ನೀರಿನಲ್ಲಿ ಎಲೆ ಬಿಡಿಸಿ ತೊಳೆಯಿರಿ, ಶೌಚಾಲಯದ ನಂತರ ಸಾಬೂನು.

ಮನೆಯಲ್ಲೇ ಹುಳದ ಔಷಧ ಅಲ್ಬೆಂಡಜೋಲ್ ತಂದು ನುಂಗಿಸಬೇಡಿ. ಹುಳ ಸಾಯುವಾಗ ಸುತ್ತ ಬಾವು ಏರಿ ಫಿಟ್ಸ್ ಹೆಚ್ಚುತ್ತದೆ, ಅದಕ್ಕೇ ಸ್ಟಿರಾಯ್ಡ್ ಜತೆಗೆ ಕೊಡುತ್ತಾರೆ, ಮೊದಲು ಕಣ್ಣಿನ ಒಳಗೂ ನೋಡುತ್ತಾರೆ. ಕಣ್ಣಿನಲ್ಲಿ ಹುಳ ಇದ್ದರೆ ಆ ಬಾವು ದೃಷ್ಟಿ ತೆಗೆಯಬಲ್ಲದು. ಇದೇ ರೀತಿ ಉಂಗುರದಂತೆ ಕಾಣುವ ಇನ್ನೊಂದು ಗಂಟು ಟಿ.ಬಿ.ಯದು. ಗಾತ್ರ 20 ಮಿ.ಮೀ. ಮೀರಿದ್ದರೆ, ಅಂಚು ಒರಟಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇದ್ದರೆ ಆ ಕಡೆ ಹುಡುಕಬೇಕು. ಅಜ್ಜನ ಹಳೆ ಕೆಮ್ಮನ್ನು ವೈದ್ಯರಿಗೆ ಹೇಳಲು ಸಂಕೋಚ ಬೇಡ.

ಪ್ರಶ್ನೆ (ಬಸವಕಲ್ಯಾಣ): ನಮ್ಮ ಮಗಂದೂ ಹಂಗೇ, ಆದ್ರ ನಸುಕಿನ್ಯಾಗ ನಿದ್ದಿಯೊಳಗ. ಬಾಯಿ ಒಂದು ಕಡಿ ಎಳೀತದ, ಜೊಲ್ಲು ಸುರೀತದ, ಮಾತಾಡಲಿಕ್ಕ ಹೋದ್ರ ಗುರ್ ಗುರ್ ಸಪ್ಪಳ. ಎಂಆರ್‌ಐ ನಾರ್ಮಲ್.

ವೈದ್ಯೆ: 4ರಿಂದ 10ರ ವಯಸ್ಸು, ನಿದ್ದೆ, ಮುಖ, ಜೊಲ್ಲು, ತಿಳಿವಿದ್ದೂ ಮಾತು ಹೊರಡದಿರುವುದು: ರೋಲ್ಯಾಂಡಿಕ್ ಅಪಸ್ಮಾರದ ಚಹರೆ. ನಿದ್ದೆಯ ಇಇಜಿ ಅದನ್ನು ಗಟ್ಟಿ ಮಾಡುತ್ತದೆ. ಮೀಸೆ ಮೂಡುವ ವಯಸ್ಸಿಗೆ ತಾನೇ ಹೋಗುತ್ತದೆ. ಅಪರೂಪಕ್ಕೆ ಬರುವವರಿಗೆ ಔಷಧವೇ ಬೇಡ ಎಂದು ನಾವೇ ಹೇಳುವುದುಂಟು.

ಪ್ರಶ್ನೆ (ಯಾದಗಿರಿ): 8 ವರ್ಷದ ಹುಡುಗ. ಐತವಾರ ತಲಿಗಿ ಬಿಸಿನೀರು ಹಾಕ್ಕೋಂತ ಜಳಕ ಮಾಡುವಾಗ ಕಣ್ಣು ನಿಂತು, ಅಲ್ಲೇ ಕುಸಿದ. ಬ್ಯಾರೆ ದಿನ ಏನಿಲ್ಲ. ಬಚ್ಚಲದಾಗ ಗಾಳಿ ಸೋಕ್ಯಾದ ಅಂತ ಅಂತ್ರ ಕಟ್ಟಿಸ್ಯಾರ.

ವೈದ್ಯೆ: ಗಾಳಿ ಅಲ್ಲ, ನೀರು. ಬಿಸಿನೀರಿನ ಅಪಸ್ಮಾರ ಜಗತ್ತಿನಲ್ಲಿ ಅಪರೂಪ, ನಮ್ಮ ರಾಜ್ಯದಲ್ಲಿ ಅಲ್ಲ. ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಹಂಡೆಯ ಬಿಸಿಬಿಸಿ ನೀರನ್ನು ಚೊಂಬಿನಲ್ಲಿ ಎತ್ತೆತ್ತಿ ಬಿಡುವಿಲ್ಲದೆ ನೆತ್ತಿಯ ಮೇಲೆ ಸುರಿಯುವ ನಮ್ಮ ಎರೆದುಕೊಳ್ಳುವ ಪದ್ಧತಿಯೇ ಕೀಲಿಕೈ. ಹುಡುಗರಲ್ಲಿ ಹೆಚ್ಚು. ಮಾತು ತಪ್ಪುವುದು, ನೋಟ ನಿಲ್ಲುವುದು, ಏನೇನೋ ಗೊಣಗುವುದು ಮೊದಲು. ಕೆಲವರಲ್ಲಿ ಮೈಯೆಲ್ಲ ಎಳೆಯುತ್ತದೆ. ಕೆಲವು ಮಕ್ಕಳಿಗೆ ಆರಂಭದ ಅಮಲು ಹಿತವೆನಿಸಿ, ಬೇಡವೆಂದರೂ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಹಟ ಎಂದು ಹೊಡೆಯಬೇಡಿ, ಅದೂ ರೋಗದ ಭಾಗವೇ.

ನೀರನ್ನು ಉಗುರುಬೆಚ್ಚಗೆ ಇಳಿಸಿ. ಮೈಗೆ ಮೊದಲು, ತಲೆಗೆ ಕೊನೆಗೆ, ಅದೂ ಒದ್ದೆ ಬಟ್ಟೆಯಿಂದ ಅಥವಾ ಬಿಟ್ಟುಬಿಟ್ಟು ಸ್ವಲ್ಪ ಸ್ವಲ್ಪ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ, ಹಂಡೆ-ಒಲೆ ಕೈಗೆ ಎಟುಕದಿರಲಿ. ಇಷ್ಟರಿಂದಲೇ ಬಹಳ ಮಕ್ಕಳಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ-ಎರಡು ತಾಸು ಮುಂಚೆ ಮಾತ್ರ ಫಿಟ್ಸ್ ತಡೆಯುವ ಕ್ಲೋಬಜಾಮ್ ಕೊಡುವ ಕ್ರಮವಿದೆ, ಅಳತೆಯನ್ನು ನೋಡಿದ ವೈದ್ಯರೇ ಬರೆಯಬೇಕು. ನೀರಿಲ್ಲದೆಯೂ ಬರಲು ಶುರುವಾದರೆ ದಿನನಿತ್ಯದ ಔಷಧ.

ಪ್ರಶ್ನೆ (ಸುರಪುರ): ಆಟಿಕಿ ಕಸಗೊಂಡ್ರ ಅತ್ತು ಅತ್ತು ಉಸಿರು ಹಿಡಿದು ನೀಲಿ ಆಗಿ ಬೀಳ್ತದ. 2 ವರ್ಷ.

ವೈದ್ಯೆ: ಮೊದಲು ಅಳು, ನಂತರ ನೀಲಿ, ನಂತರ ಬೀಳುವುದು. ಈ ಕ್ರಮ ತಪ್ಪದೆ ಇದ್ದರೆ ಅದು ಉಸಿರು ಹಿಡಿಯುವಿಕೆ, ಫಿಟ್ಸ್ ಅಲ್ಲ. ಹಿಮೋಗ್ಲೋಬಿನ್ ಮಾಡಿಸಿ. ಕಬ್ಬಿಣಾಂಶ ಕಡಿಮೆ ಇದ್ದರೆ ಅದರ ಸಿರಪ್ಪಿನಿಂದಲೇ ಎಷ್ಟೋ ಇಳಿಯುತ್ತದೆ. ಅಳುವಿಲ್ಲದೆ ಅಥವಾ ಓಡುತ್ತ ಓಡುತ್ತ ಬಿದ್ದರೆ ಹೃದಯದ ಇಸಿಜಿ ಬೇಕು.

ಪ್ರಶ್ನೆ (ಆಳಂದ): ಮಗಳಿಗಿ 15, ಎಸ್ಸೆಸ್ಸೆಲ್ಸಿ. ಮುಂಜಾನಿ ಹಲ್ಲುಜ್ಜುವಾಗ ಬ್ರಶ್ ಕೈಯಿಂದ ಹಾರಿಬೀಳ್ತದ, ಚಾ ಚೆಲ್ಲತದ. ಅಂಜಿಕಿ ಅಂದುಕೊಂಡಿದ್ವಿ. ಜಾತ್ರಿ ರಾತ್ರಿ ಎಚ್ಚರ ಇದ್ದು ಮರುದಿನ ದೊಡ್ಡ ಫಿಟ್ಸ್ ಬಂತು.

ವೈದ್ಯೆ: ಬೆಳಗಿನ ಆ ಕುಲುಕುಗಳನ್ನು ಯಾರೂ ಕೇಳದಿದ್ದರೆ ‘ಒಂದೇ ಸಲ ಫಿಟ್ಸ್’ ಎಂದು ಬರೆದು ಕಳಿಸಿಬಿಡುತ್ತಾರೆ. ಹದಿಹರೆಯದ ಮಯೋಕ್ಲೋನಿಕ್ ಅಪಸ್ಮಾರ ಇದು. ಎದ್ದ ಅರ್ಧ-ಒಂದು ತಾಸಿನೊಳಗೆ ಭುಜ-ಕೈ ಮಿಂಚು ಹೊಡೆದ ಹಾಗೆ ಹಾರುತ್ತದೆ, ತಿಳಿವು ಪೂರ್ತಿ ಇರುತ್ತದೆ. ನಿದ್ದೆಗೇಡೇ ಇದರ ಮೊದಲ ಶತ್ರು. ಜಾತ್ರೆ, ಉರುಸಿನ ರಾತ್ರಿ, ಪರೀಕ್ಷೆಯ ರಾತ್ರಿ ಮುಗಿದ ಮರುದಿನ ಬೆಳಿಗ್ಗೆ ಇಂಥ ಮಕ್ಕಳು ದವಾಖಾನೆಗೆ ಬರುತ್ತಾರೆ. ಓದು ಬೇಕಿದ್ದರೆ ಹಗಲಿಗೆ ಹಾಕಿ, ಮಲಗುವ ಹೊತ್ತು ಬದಲಿಸಬೇಡಿ. ಇಲ್ಲೂ ಕಾರ್ಬಮಜೆಪಿನ್, ಫೆನಿಟೋಯಿನ್ ಕುಲುಕನ್ನು ಹೆಚ್ಚಿಸಬಹುದು. ವಾಲ್ಪ್ರೋಯೇಟ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಮುಂದೆ ಬಸಿರಾದಾಗ ಹೊಟ್ಟೆಯೊಳಗಿನ ಕೂಸಿಗೆ ಹಾನಿ ಮಾಡುತ್ತದೆ. ಆದ್ದರಿಂದ ಹುಡುಗಿಯರಿಗೆ ಲೆವೆಟಿರಸಿಟಮ್ ಮೊದಲು ಯೋಚಿಸುತ್ತೇವೆ. ‘ಮದುವೆ ಆದರೆ ಹೋಗುತ್ತದೆ’ ಎಂಬ ಮಾತಿಗೆ ಕಿವಿಗೊಡಬೇಡಿ. ಔಷಧವಿದ್ದರೆ ಹಿಡಿತದಲ್ಲಿರುತ್ತದೆ, ಬಿಟ್ಟರೆ ಮರಳುತ್ತದೆ.

ಪ್ರಶ್ನೆ (ಕಲಬುರಗಿ): ಇಇಜಿ ನಾರ್ಮಲ್ ಬಂದದ. ಆದ್ರೂ ಗುಳಿಗಿ ಬರದಾರ. ಸುಮ್ಮ ರೊಕ್ಕ ತಗೋಳ್ಳಿಕ್ಕೇನು?

ವೈದ್ಯೆ: ಅರ್ಧ ತಾಸಿನ ಇಇಜಿ ಎಂದರೆ ಆ ಅರ್ಧ ತಾಸಿನ ಸುದ್ದಿ ಅಷ್ಟೇ. ಫಿಟ್ಸ್ ಇರುವ ಬಹಳ ಮಕ್ಕಳಲ್ಲಿ ಮೊದಲ ಇಇಜಿ ಸರಿಯಾಗಿಯೇ ಇರುತ್ತದೆ. ಹಾಗೆಯೇ ಫಿಟ್ಸ್ ಇಲ್ಲದ ಕೆಲವು ಮಕ್ಕಳ ಇಇಜಿಯಲ್ಲಿ ಅಸಹಜ ಗೀಟು ಕಾಣುತ್ತದೆ. ನಾವು ಚಿಕಿತ್ಸೆ ಕೊಡುವುದು ಮಗುವಿಗೆ, ಕಾಗದಕ್ಕಲ್ಲ. ಹಿಂದಿನ ರಾತ್ರಿ ನಿದ್ದೆ ಕಡಿಮೆ ಮಾಡಿಸಿ, ತಲೆಗೆ ಶಾಂಪೂ ಹಾಕಿ ಎಣ್ಣೆ ಹಚ್ಚದೆ ಕರೆದೊಯ್ದರೆ ಫಲ ಹೆಚ್ಚು. ಎಣ್ಣೆ ಇದ್ದರೆ ತಂತಿ ಹಿಡಿಯುವುದಿಲ್ಲ.

ನರ್ಸಿಂಗ್ ಅಧಿಕಾರಿ: ಇಇಜಿಗಿಂತ ಎಷ್ಟೋ ಸಲ ಫೋನಿನ ವಿಡಿಯೋ ಹೆಚ್ಚು ಹೇಳುತ್ತದೆ. ಒಬ್ಬರು ಮಗು ನೋಡಿಕೊಳ್ಳಿ, ಇನ್ನೊಬ್ಬರು ಚಿತ್ರ ತೆಗೆಯಿರಿ. ಹೊದಿಕೆ ಸರಿಸಿ, ಇಡೀ ಮೈ ಕಾಣಲಿ, ಆಮೇಲೆ ಕಣ್ಣಿನ ಹತ್ತಿರ. ಹೆಸರು ಹಿಡಿದು ಕರೆಯಿರಿ, ಉತ್ತರ ಬಂತೇ ಎಂಬುದು ದಾಖಲಾಗುತ್ತದೆ. ಹಾರುವ ಕೈಯನ್ನು ಮೆಲ್ಲಗೆ ಹಿಡಿದು ನೋಡಿ. ನವಜಾತ ಶಿಶುವಿನ ಬರೀ ನಡುಕವಾದರೆ ಹಿಡಿದ ಕೂಡಲೇ ನಿಲ್ಲುತ್ತದೆ, ಫಿಟ್ಸ್ ಆದರೆ ಕೈಯೊಳಗೂ ಬಡಿಯುತ್ತಲೇ ಇರುತ್ತದೆ. ನಿಂತ ಮೇಲಿನ ಎರಡು ನಿಮಿಷವನ್ನೂ ಬಿಡಬೇಡಿ.

ಪ್ರಶ್ನೆ (ಔರಾದ್): ಔಷಧ ತಪ್ಪದೇ ಕೊಟ್ರೂ ತಿಂಗಳ ಕೊನಿಗಿ ಮಂಪರು, ತಿಂಗಳ ಮೊದಲಿಗಿ ಫಿಟ್ಸ್. ಫೆನಿಟೋಯಿನ್ ಸಿರಪ್.

ಔಷಧ ತಜ್ಞ: ಬಾಟಲಿ ಕುಲುಕುತ್ತಿಲ್ಲ. ಫೆನಿಟೋಯಿನ್ ನೀರಿನಲ್ಲಿ ಕರಗಿರುವುದಿಲ್ಲ, ಪುಡಿಯಾಗಿ ತೇಲುತ್ತಿರುತ್ತದೆ, ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಮೊದಲ ವಾರ ಮೇಲಿನ ತಿಳಿನೀರು ಕೊಟ್ಟಿರಿ, ಫಿಟ್ಸ್ ಬಂತು. ಕೊನೆಯ ವಾರ ತಳದ ಗಟ್ಟಿ ಕೊಟ್ಟಿರಿ, ಮಂಪರು, ತೂರಾಡುವಿಕೆ. ಪ್ರತಿ ಸಲ ಚೆನ್ನಾಗಿ ಕುಲುಕಿ, ಅಡುಗೆಮನೆಯ ಚಮಚ ಬಿಟ್ಟು ಮಿ.ಲೀ. ಗುರುತಿನ ಸಿರಿಂಜಿನಲ್ಲಿ ಎಳೆದು ಕೊಡಿ. ಈಗಿರುವ ಬಾಟಲಿಯ ತಳ ಉಳಿದಿದ್ದರೆ ಅದನ್ನು ಮುಂದುವರಿಸಬೇಡಿ, ಹೊಸದನ್ನು ತೆಗೆದುಕೊಂಡು ಮೊದಲ ದಿನದಿಂದ ಕುಲುಕಿ ಶುರು ಮಾಡಿ. ಮಗು ತೂರಾಡುತ್ತಿದ್ದರೆ ಮುಂದಿನ ಡೋಸಿಗೆ ಮೊದಲೇ ವೈದ್ಯರಿಗೆ ತೋರಿಸಿ, ರಕ್ತದಲ್ಲಿನ ಮಟ್ಟ ನೋಡಿಸಿ.